ಫೋನ್ ಚಾರ್ಜ್ ಆಗುತ್ತಿಲ್ಲವೇ? ಬ್ಯಾಟರಿ ಬದಲಿಸುವ ಮುನ್ನ ಇಷ್ಟು ನೋಡಿ

ಫೋನ್ ಸರಿಯಾಗಿ ಚಾರ್ಜ್ ಆಗದಿದ್ದರೆ ಎಲ್ಲರೂ ಮೊದಲು ಬ್ಯಾಟರಿಯನ್ನೇ ಅನುಮಾನಿಸುತ್ತಾರೆ. ನಿಜವಾಗಿ ಬ್ಯಾಟರಿಯ ಸರದಿ ಬರಬೇಕಾದದ್ದು ಕೊನೆಯಲ್ಲಿ. ಹೆಚ್ಚಿನ ದೂರುಗಳು ಸವೆದ ಕೇಬಲ್‌ನಿಂದಲೋ ಪೋರ್ಟ್‌ನಲ್ಲಿ ತುಂಬಿಕೊಂಡ ಕಸದಿಂದಲೋ ಹುಟ್ಟಿರುತ್ತವೆ. ಇವೆರಡನ್ನೂ ಮನೆಯಲ್ಲೇ, ಒಂದು ಪೈಸೆ ಖರ್ಚಿಲ್ಲದೆ ಪರೀಕ್ಷಿಸಬಹುದು.

ಕರೆಂಟ್ ಗೋಡೆಯ ಸಾಕೆಟ್‌ನಿಂದ ಅಡಾಪ್ಟರ್, ಕೇಬಲ್, ಪೋರ್ಟ್, ಚಾರ್ಜಿಂಗ್ ಬೋರ್ಡ್, ಮದರ್‌ಬೋರ್ಡ್‌ನ ಚಾರ್ಜಿಂಗ್ ಐಸಿ (ಚಾರ್ಜಿಂಗ್ ನಿಯಂತ್ರಿಸುವ ಚಿಪ್) ದಾಟಿ ಬ್ಯಾಟರಿ ಸೇರುತ್ತದೆ. ಪರೀಕ್ಷೆಯೂ ಇದೇ ದಾರಿಯಲ್ಲಿ ಹೊರಗಿನಿಂದ ಒಳಗೆ ಹೋಗಲಿ. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ. ಅಡಾಪ್ಟರ್, ಕೇಬಲ್ ಎರಡನ್ನೂ ಒಟ್ಟಿಗೆ ಬದಲಿಸಿದರೆ ಫೋನ್ ಚಾರ್ಜ್ ಆಗಬಹುದು, ಆದರೆ ಕೆಟ್ಟಿದ್ದು ಯಾವುದು ಎಂದು ತಿಳಿಯದೆ ಚೆನ್ನಾಗಿರುವುದನ್ನೂ ಎಸೆಯುತ್ತೀರಿ.

ಶುರು ಮಾಡುವ ಮುನ್ನ ಒಂದು ಕೆಲಸ: ಫೋನ್ ಇನ್ನೂ ಆನ್ ಆಗುತ್ತಿದ್ದರೆ ಫೋಟೊ, ವಾಟ್ಸ್ಯಾಪ್, ಕಾಂಟ್ಯಾಕ್ಟ್‌ಗಳ ಬ್ಯಾಕಪ್ ತೆಗೆದುಕೊಳ್ಳಿ. ಕೇಬಲ್ ಒಂದು ಕೋನಕ್ಕೆ ಹಿಡಿದರೆ ಮಾತ್ರ ಚಾರ್ಜ್ ಆಗುವ ಪೋರ್ಟ್ ಯಾವ ದಿನ ಪೂರ್ತಿ ಕೈಕೊಡುತ್ತದೆ ಎಂದು ಹೇಳಲಾಗದು. ಮಾರನೆಯ ದಿನ ಟಿಕೆಟ್, ಯುಪಿಐ ಎಲ್ಲಾ ಅದರೊಳಗೇ ಸಿಕ್ಕಿಕೊಂಡಿರುತ್ತವೆ.

ಇದು ದೋಷವೇ ಅಲ್ಲದಿರಬಹುದು

80%ಗೆ ನಿಂತುಹೋಗುತ್ತದೆ ಎನ್ನುವುದು ಮಾಮೂಲಿ ದೂರು. ಬ್ಯಾಟರಿ ಬಾಳಿಕೆ ಹೆಚ್ಚಲೆಂದು ಐಫೋನ್, ಸ್ಯಾಮ್‌ಸಂಗ್, ಪಿಕ್ಸೆಲ್ ಮುಂತಾದ ಫೋನುಗಳಲ್ಲಿ ಚಾರ್ಜಿಂಗ್ ಮಿತಿಯ ಆಯ್ಕೆ ಇರುತ್ತದೆ. ಅದು ಆನ್ ಆಗಿದ್ದರೆ 80ರಲ್ಲಿ ನಿಲ್ಲುವುದೇ ಸರಿ. ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗ ನೋಡಿ. ಇನ್ನು ಕೆಲವು ಫೋನುಗಳು ರಾತ್ರಿ 80ರಲ್ಲಿ ಕಾದು, ನೀವು ಏಳುವ ಹೊತ್ತಿಗೆ ಸರಿಯಾಗಿ 100 ಮುಟ್ಟಿಸುತ್ತವೆ.

80 ದಾಟಿದ ಮೇಲೆ ನಿಧಾನವಾಗುವುದೂ ಸಹಜ. ಲಿಥಿಯಂ ಬ್ಯಾಟರಿಗೆ ಮೊದಲು ಹೆಚ್ಚು ಕರೆಂಟ್ ಕೊಟ್ಟು, ಅದರ ವೋಲ್ಟೇಜ್ ಗರಿಷ್ಠ ಮಟ್ಟಕ್ಕೆ (ಈಗಿನ ಫೋನುಗಳಲ್ಲಿ ಸಾಮಾನ್ಯವಾಗಿ 4.4 ವೋಲ್ಟ್ ಆಸುಪಾಸು) ಬಂದಮೇಲೆ ಕರೆಂಟ್ ಇಳಿಸುತ್ತಾ ಹೋಗಬೇಕು. ಕೊನೆಯ 20%ಗೆ ಮೊದಲ 50%ಗೆ ಹಿಡಿದಷ್ಟೇ ಹೊತ್ತು ಹಿಡಿದರೂ ಗಾಬರಿ ಬೇಡ.

ಮೂರನೆಯದು ಬೆರಕೆ ಚಾರ್ಜರ್. ಒನ್‌ಪ್ಲಸ್, ಒಪ್ಪೊ, ರಿಯಲ್‌ಮಿ ಫೋನುಗಳ ವೇಗದ ಚಾರ್ಜಿಂಗ್‌ಗೆ ಅವುಗಳದ್ದೇ ಅಡಾಪ್ಟರ್ ಜೊತೆ ಅದಕ್ಕೆ ಹೊಂದುವ ಕೇಬಲ್ ಕೂಡ ಬೇಕು. ಸ್ಯಾಮ್‌ಸಂಗ್‌ನ 25 ವ್ಯಾಟ್ ಚಾರ್ಜಿಂಗ್‌ಗೆ ಪಿಪಿಎಸ್ (ವೋಲ್ಟೇಜನ್ನು ಸಣ್ಣ ಸಣ್ಣ ಹಂತಗಳಲ್ಲಿ ಹೊಂದಿಸುವ ಸೌಲಭ್ಯ) ಇರುವ ಪಿಡಿ, ಅಂದರೆ ಯುಎಸ್‌ಬಿ ಪವರ್ ಡೆಲಿವರಿ ಅಡಾಪ್ಟರ್ ಬೇಕು. 45 ವ್ಯಾಟ್ ಪೂರ್ತಿ ಸಿಗಬೇಕಾದರೆ 5 ಆಂಪಿಯರ್ ತಾಳುವ ಕೇಬಲ್ಲೂ ಬೇಕು. ಅಡಾಪ್ಟರ್ ಮೇಲೆ 65 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ, ಅದಕ್ಕೂ ಫೋನಿಗೂ ಒಂದೇ ಭಾಷೆ ಬಾರದಿದ್ದರೆ 10 ವ್ಯಾಟ್‌ಗೋ ಅದಕ್ಕಿಂತ ಕೆಳಗೋ ಇಳಿಯುತ್ತದೆ. ಇದನ್ನು ರಿಪೇರಿ ಮಾಡಲು ಏನೂ ಇಲ್ಲ.

ನಿಧಾನ ಎಂದರೆ ಎಷ್ಟು ನಿಧಾನ?

ಅಂದಾಜಿನಲ್ಲಿ ಮಾತಾಡುವುದಕ್ಕಿಂತ ಅಳೆಯುವುದು ಮೇಲು. ಬ್ಯಾಟರಿ 20% ಮತ್ತು 50% ನಡುವೆ ಇರುವಾಗ ಏರೋಪ್ಲೇನ್ ಮೋಡ್ ಹಾಕಿ, ಸ್ಕ್ರೀನ್ ಆಫ್ ಮಾಡಿ, ಸರಿಯಾಗಿ ಅರ್ಧ ಗಂಟೆ ಚಾರ್ಜ್‌ಗೆ ಇಡಿ. 5000 ಎಂಎಎಚ್ ಬ್ಯಾಟರಿ ಎಂದರೆ ಸುಮಾರು 19 ವ್ಯಾಟ್-ಅವರ್. ದಾರಿಯಲ್ಲಿ ಬಿಸಿಯಾಗಿ ಹೋಗುವುದನ್ನು ಕಳೆದರೆ, 10 ವ್ಯಾಟ್ ಅಡಾಪ್ಟರ್‌ನಲ್ಲಿ ಅರ್ಧ ಗಂಟೆಗೆ 20% ಆಸುಪಾಸು, 18 ವ್ಯಾಟ್‌ನಲ್ಲಿ 35ರಿಂದ 40% ಏರಬೇಕು. 5 ಅಥವಾ 6% ಮಾತ್ರ ಏರಿದರೆ ಫೋನಿಗೆ ಅರ್ಧ ಆಂಪಿಯರ್ ಮಾತ್ರ ಹೋಗುತ್ತಿದೆ ಎಂದರ್ಥ. ಲ್ಯಾಪ್‌ಟಾಪ್‌ನ ಹಳೆಯ ಯುಎಸ್‌ಬಿ ಪೋರ್ಟ್ ಕೊಡುವುದೂ ಇಷ್ಟೇ. ಅಷ್ಟು ಕರೆಂಟ್‌ನಲ್ಲಿ ಮ್ಯಾಪ್ ಹಾಕಿಕೊಂಡು ಹೊರಟರೆ, ಚಾರ್ಜಿಂಗ್ ಚಿಹ್ನೆ ಕಾಣಿಸುತ್ತಿದ್ದರೂ ಪರ್ಸೆಂಟ್ ಇಳಿಯುತ್ತಲೇ ಇರುತ್ತದೆ.

ಸಾಕೆಟ್ ಮತ್ತು ಅಡಾಪ್ಟರ್

ಇಲ್ಲಿ ಹೆಚ್ಚು ಹೊತ್ತು ಬೇಡ. ಬೇರೆ ಸಾಕೆಟ್‌ಗೆ ಹಾಕಿ ನೋಡಿ, ಸಾಧ್ಯವಾದರೆ ಎಕ್ಸ್‌ಟೆನ್ಷನ್ ಬಾಕ್ಸ್ ಬಿಟ್ಟು ನೇರ ಗೋಡೆಗೆ. ಪಿಜಿ ರೂಮುಗಳಲ್ಲಿ ಒಂದೇ ಬಾಕ್ಸ್‌ಗೆ ನಾಲ್ಕು ಜನರ ಚಾರ್ಜರ್ ನೇತಾಡುತ್ತಿರುತ್ತವೆ. ಒಳಗಿನ ಹಿತ್ತಾಳೆ ಕ್ಲಿಪ್ ಸಡಿಲವಾಗಿ, ಕೇಬಲ್ ಅಲ್ಲಾಡಿದಾಗಲೆಲ್ಲ ಚಾರ್ಜ್ ಬಂದುಹೋಗುತ್ತದೆ. ಅಡಾಪ್ಟರ್ ಸಿಕ್ಕಿಸುವಾಗ ಚಟಪಟ ಸದ್ದು ಬಂದರೆ, ಪಿನ್ ಸುತ್ತ ಕಂದುಬಣ್ಣ ಕಂಡರೆ ಆ ಸಾಕೆಟ್ ಬಳಸಲೇಬೇಡಿ.

ಬೆಸ್ಕಾಂ ವೋಲ್ಟೇಜ್ ಏರಿಳಿತದಿಂದ ಚಾರ್ಜ್ ನಿಧಾನವಾಗುತ್ತದೆ ಎಂಬ ನಂಬಿಕೆ ಇದೆ. ಒಳ್ಳೆಯ ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ಯಾವುದನ್ನಾದರೂ ತೆಗೆದುಕೊಳ್ಳುತ್ತದೆ, ಹಾಗಾಗಿ ಲೈಟು ಮಂಕಾದರೂ ಫೋನಿಗೆ ವ್ಯತ್ಯಾಸವಿಲ್ಲ. ಕರೆಂಟ್ ಹೋಗಿ ಬಂದಾಗಿನ ಹಠಾತ್ ಏರಿಕೆ ಮಾತ್ರ ಅಡಾಪ್ಟರ್ ಅನ್ನು ಒಂದೇ ಏಟಿಗೆ ಸುಡಬಲ್ಲದು. ಮನೆಯ ಯುಪಿಎಸ್ ಸ್ಕ್ವೇರ್ ವೇವ್ ಮಾದರಿಯದ್ದಾದರೆ (ಅದರ ಕರೆಂಟ್‌ನ ಅಲೆ ಗೋಡೆಯ ಕರೆಂಟಿನಷ್ಟು ನಯವಾಗಿರುವುದಿಲ್ಲ) ಕೆಲವು ಅಡಾಪ್ಟರ್‌ಗಳು ಗುಂಯ್‌ಗುಟ್ಟುತ್ತವೆ. ಕರೆಂಟ್ ಇದ್ದಾಗಲೂ ಹಾಗೇ ಆಗುತ್ತದೆಯೇ ಎಂದು ಹೋಲಿಸಿ ನೋಡಿ.

ಚಾರ್ಜ್‌ಗೆ ಹಾಕಿದಾಗ ಸ್ಕ್ರೀನ್ ತನ್ನಷ್ಟಕ್ಕೆ ಒತ್ತಿಕೊಳ್ಳುವುದು, ಟೈಪ್ ಮಾಡಿದರೆ ಬೇರೆ ಅಕ್ಷರ ಬೀಳುವುದು ಅಡಾಪ್ಟರ್ ಗುಣಮಟ್ಟ ಕೆಟ್ಟಿರುವ ಸೂಚನೆ. ಕಿತ್ತ ಕೂಡಲೇ ಸರಿಹೋದರೆ ಡಿಸ್ಪ್ಲೇ ಬದಲಿಸಲು ಹೋಗಬೇಡಿ, ಅಡಾಪ್ಟರ್ ಬದಲಿಸಿ. ಹೊಸದು ಕೊಳ್ಳುವಾಗ ಅದರ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತಿನ ಜೊತೆ ‘ಆರ್’ ಅಕ್ಷರದಿಂದ ಶುರುವಾಗುವ ಎಂಟು ಅಂಕಿಯ ನೋಂದಣಿ ಸಂಖ್ಯೆ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ತಯಾರಕರದ್ದು, ಯಾವ ಉತ್ಪನ್ನಕ್ಕೆ ಕೊಟ್ಟಿದ್ದು ಎಂದು ತೋರಿಸುತ್ತದೆ. ಬೆಂಗಳೂರಿನ ಎಸ್.ಪಿ. ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕೊಂಡರೂ ಮಾಲ್‌ನಲ್ಲಿ ಕೊಂಡರೂ ಅಂಗಡಿಯಲ್ಲಿ ನಿಂತೇ ಇದನ್ನು ನೋಡಬಹುದು. ಒಂದು ನಿಮಿಷದ ಕೆಲಸ.

ಕೇಬಲ್: ಇಲ್ಲಿ ನಿಧಾನವಾಗಿ ನೋಡಿ

ಕೇಬಲ್ ಮೂರು ಬಗೆಯಲ್ಲಿ ಕೈಕೊಡುತ್ತದೆ, ಮೂರಕ್ಕೂ ಲಕ್ಷಣ ಬೇರೆ.

ಪವರ್ ತಂತಿ ಕುತ್ತಿಗೆಯ ಬಳಿ, ಅಂದರೆ ಪ್ಲಗ್ ಮುಗಿದು ವೈರ್ ಶುರುವಾಗುವ ಜಾಗದಲ್ಲಿ, ಒಳಗೇ ತುಂಡಾದರೆ ಚಾರ್ಜ್ ಬಂದುಹೋಗಿ ಮಾಡುತ್ತದೆ. ಫೋನ್ ಮೇಜಿನ ಮೇಲಿಟ್ಟು ಎರಡೂ ತುದಿಗಳ ಕುತ್ತಿಗೆಯನ್ನು ಮೆಲ್ಲಗೆ ಬಾಗಿಸಿ. ಅಡಾಪ್ಟರ್ ಕಡೆಯ ತುದಿ ಬಾಗಿಸಿದಾಗ ಚಿಹ್ನೆ ಮಿನುಗಿದರೆ ತಪ್ಪು ಕೇಬಲ್‌ನದ್ದು ಇಲ್ಲವೇ ಅಡಾಪ್ಟರ್‌ನದ್ದು, ಫೋನಿನದ್ದಂತೂ ಅಲ್ಲ.

ಡೇಟಾ ತಂತಿ ತುಂಡಾದರೆ ಚಾರ್ಜ್ ಆಗುತ್ತದೆ, ಆದರೆ ಆಮೆಗತಿಯಲ್ಲಿ. ಹಳೆಯ ಚೌಕ ಯುಎಸ್‌ಬಿ (ಟೈಪ್-ಎ) ತುದಿಯ ಅಡಾಪ್ಟರ್‌ಗಳು ತಾವು ಹೆಚ್ಚು ಕರೆಂಟ್ ಕೊಡಬಲ್ಲೆವು ಎಂದು ಫೋನಿಗೆ ತಿಳಿಸುವುದು ಈ ಡೇಟಾ ತಂತಿಗಳ ಮೂಲಕ. ಆ ಸುದ್ದಿ ತಲುಪದಿದ್ದರೆ ಫೋನ್ ತಾನು ಕಂಪ್ಯೂಟರ್‌ಗೆ ಸೇರಿಕೊಂಡಿದ್ದೇನೆಂದು ಭಾವಿಸಿ ಅರ್ಧ ಆಂಪಿಯರ್‌ಗೆ ತೃಪ್ತಿಪಡುತ್ತದೆ. ಇದನ್ನು ಹಿಡಿಯುವುದು ಸುಲಭ: ಅದೇ ಕೇಬಲ್‌ನಿಂದ ಫೋನನ್ನು ಲ್ಯಾಪ್‌ಟಾಪ್‌ಗೆ ಹಾಕಿ, ಫೈಲ್ ಕಳಿಸುವ ಆಯ್ಕೆ ಬರುತ್ತದೆಯೇ ನೋಡಿ. ಬರದಿದ್ದರೆ ಡೇಟಾ ತಂತಿ ಹೋಗಿದೆ, ಇಲ್ಲವೇ ಆ ಕೇಬಲ್‌ನಲ್ಲಿ ಅದು ಮೊದಲಿಂದಲೂ ಇಲ್ಲ. ಟ್ರಿಮ್ಮರ್, ಬ್ಲೂಟೂತ್ ಸ್ಪೀಕರ್ ಜೊತೆ ಬರುವ ಕೆಲವು ಕೇಬಲ್‌ಗಳು ಹಾಗೆಯೇ ಇರುತ್ತವೆ.

ಮೂರನೆಯದು ತೆಳು ತಂತಿ. ಅಗ್ಗದ ಕೇಬಲ್‌ಗಳಲ್ಲಿ ಸಾಮಾನ್ಯವಾಗಿ ಕಾಣುವ 28 ಗೇಜ್ ತಾಮ್ರದ ತಂತಿ (ಗೇಜ್ ಸಂಖ್ಯೆ ಹೆಚ್ಚಾದಷ್ಟೂ ತಂತಿ ತೆಳು) ಮೀಟರಿಗೆ ಸುಮಾರು 0.21 ಓಮ್ ತಡೆ ಒಡ್ಡುತ್ತದೆ. ಹೋಗುವ, ಬರುವ ಎರಡೂ ತಂತಿ ಸೇರಿದರೆ 0.42. 2 ಆಂಪಿಯರ್ ಹರಿದಾಗ ಒಂದು ಮೀಟರ್ ಕೇಬಲ್‌ನಲ್ಲೇ 0.8 ವೋಲ್ಟ್‌ಗೂ ಹೆಚ್ಚು ಕಳೆದುಹೋಗಿ, 5 ವೋಲ್ಟ್ ಹೊರಟದ್ದು ಫೋನ್ ಮುಟ್ಟುವಾಗ 4.2ರ ಒಳಗೆ ಬಂದಿರುತ್ತದೆ. ಫೋನ್ ಅಷ್ಟು ಇಳಿಯಲು ಬಿಡದೆ ಕರೆಂಟನ್ನೇ ಕಡಿಮೆ ಮಾಡಿಕೊಳ್ಳುತ್ತದೆ. 24 ಗೇಜ್ ತಂತಿಯಾದರೆ ಇದೇ ನಷ್ಟ 0.35 ವೋಲ್ಟ್ ಒಳಗೆ. ಮಂಚದವರೆಗೆ ಎಟುಕಲಿ ಎಂದು ತಂದ ಎರಡು ಮೀಟರ್ ಅಗ್ಗದ ಕೇಬಲ್ ನಿಧಾನವಾಗಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಎರಡೂ ತುದಿ ಟೈಪ್-ಸಿ ಇರುವ ಕೇಬಲ್‌ಗೆ ಇನ್ನೊಂದು ಪರೀಕ್ಷೆ ಇದೆ. ಪ್ಲಗ್ ಅನ್ನು ತಿರುಗಿಸಿ ಹಾಕಿ. ಒಂದು ಮಗ್ಗುಲಲ್ಲಿ ಚಾರ್ಜ್ ಆಗಿ, ಇನ್ನೊಂದರಲ್ಲಿ ಆಗದಿದ್ದರೆ ಒಂದು ಸಾಲಿನ ಪಿನ್‌ನಲ್ಲಿ ಕಸವೋ ಹಾನಿಯೋ ಇದೆ. ಸಿ ಪ್ಲಗ್‌ನಲ್ಲಿ ಪವರ್ ಎರಡೂ ಸಾಲಿನಲ್ಲಿದ್ದರೂ, ಎಷ್ಟು ಕರೆಂಟ್ ಕೊಡಲಿ ಎಂದು ಮಾತಾಡುವ ಸಿಸಿ ತಂತಿ ಒಂದು ಕಡೆ ಮಾತ್ರ ಇರುತ್ತದೆ. ಇನ್ನೊಂದು ಕೇಬಲ್‌ನಲ್ಲೂ ಹೀಗೇ ಆದರೆ ದೋಷ ಫೋನಿನ ಪೋರ್ಟ್‌ನದ್ದು, ಆಗದಿದ್ದರೆ ಕೇಬಲ್‌ನದ್ದು. ಸಿ-ಸಿ ಕೇಬಲ್‌ನಲ್ಲಿ ಏನೂ ಆಗದೆ, ಚೌಕ ತುದಿಯ ಹಳೆಯ ಕೇಬಲ್‌ನಲ್ಲಿ ಮಾತ್ರ ಚಾರ್ಜ್ ಆಗುತ್ತಿದ್ದರೂ ಅನುಮಾನ ಇದೇ ಸಿಸಿ ಪಿನ್ ಮೇಲೆ. ಸಿ ಅಡಾಪ್ಟರ್ ಆ ಪಿನ್‌ನಿಂದ ಉತ್ತರ ಬರುವವರೆಗೆ ಕರೆಂಟ್ ಬಿಡುವುದೇ ಇಲ್ಲ.

ಹಳೆಯ ಐಫೋನ್‌ನ ಲೈಟ್ನಿಂಗ್ ಕೇಬಲ್ ಆದರೆ ಪ್ಲಗ್‌ನ ಚಿನ್ನದ ಬಣ್ಣದ ಪಟ್ಟಿಗಳನ್ನು ನೋಡಿ. ನಡುವಿನ ಒಂದು ಪಟ್ಟಿ ಕಪ್ಪಾಗಿದ್ದರೆ ಅದು ಸುಟ್ಟು ಸವೆದಿದೆ, ಉಜ್ಜಿದರೆ ನಾಲ್ಕು ದಿನ ಓಡಬಹುದು ಅಷ್ಟೆ.

ಪೋರ್ಟ್ ಸ್ವಚ್ಛ ಮಾಡುವುದು

ಪ್ಲಗ್ ಹಾಕಿದಾಗ ‘ಟಕ್’ ಎಂದು ಕೂರುತ್ತಿಲ್ಲ, ಸ್ವಲ್ಪ ಎಳೆದರೆ ಜಾರಿಬರುತ್ತದೆ, ಪ್ಲಗ್‌ನ ಲೋಹದ ಭಾಗ ಹೊರಗೆ ಇಣುಕುತ್ತದೆ ಎಂದಾದರೆ ಪೋರ್ಟ್ ಸವೆದಿದೆ ಎಂದುಕೊಳ್ಳಬೇಡಿ. ಜೀನ್ಸ್ ಜೇಬಿನ ನಾರು, ರಸ್ತೆಯ ಧೂಳು ಸೇರಿ, ಪ್ರತಿ ಸಲ ಪ್ಲಗ್ ಹಾಕಿದಾಗಲೂ ಒಳಕ್ಕೆ ಒತ್ತಿಕೊಂಡು, ತಳದಲ್ಲಿ ಗಟ್ಟಿ ಪದರವಾಗಿರುತ್ತದೆ. ಒಂದು ಮಿಲಿಮೀಟರ್ ಪದರ ಸಾಕು, ಪಿನ್‌ಗಳು ಸರಿಯಾಗಿ ಕೂರುವುದಿಲ್ಲ. ಮೆಟ್ರೊ ಕಾಮಗಾರಿ ನಡೆಯುವ ರಸ್ತೆಯಲ್ಲಿ ದಿನಾ ಓಡಾಡುವವರು ವರ್ಷಕ್ಕೊಮ್ಮೆಯಾದರೂ ಇದನ್ನು ತೆಗೆಯಬೇಕಾಗುತ್ತದೆ.

ಫೋನ್ ಪೂರ್ತಿ ಸ್ವಿಚ್ ಆಫ್ ಮಾಡಿ. ಇನ್ನೊಂದು ಫೋನಿನ ಟಾರ್ಚ್ ಹಿಡಿದು ಒಳಗೆ ನೋಡಿ. ಸಿ ಪೋರ್ಟ್‌ನ ನಡುವೆ ತೆಳುವಾದ ನಾಲಿಗೆಯೊಂದಿರುತ್ತದೆ, ಪಿನ್‌ಗಳೆಲ್ಲ ಇರುವುದು ಅದರ ಮೇಲೆ. ಅದನ್ನು ಮೀಟಬಾರದು, ಪಕ್ಕಕ್ಕೆ ಒತ್ತಬಾರದು. ಮರದ ಟೂತ್‌ಪಿಕ್‌ನ ತುದಿಯನ್ನು ಬ್ಲೇಡಿನಿಂದ ಚಪ್ಪಟೆಯಾಗಿ ಹೆರೆದು, ನಾಲಿಗೆಗೂ ಹೊರ ಗೋಡೆಗೂ ನಡುವಿನ ಸಂದಿಯಲ್ಲಿ ತಳದವರೆಗೆ ಇಳಿಸಿ, ಮೂಲೆಯಿಂದ ಹೊರಕ್ಕೆ ಕೆರೆಯುತ್ತಾ ತನ್ನಿ. ನಾಲ್ಕೂ ಮೂಲೆಗೆ ಹೀಗೆ ಮಾಡಿ. ಗಟ್ಟಿಯಾದ ಪದರ ಒಮ್ಮೊಮ್ಮೆ ಇಡಿಯಾಗಿ ಎದ್ದುಬರುತ್ತದೆ. ಸೇಫ್ಟಿ ಪಿನ್, ಸೂಜಿ, ಸಿಮ್ ತೆಗೆಯುವ ಪಿನ್ ಬೇಡ: ಪಿನ್‌ನ ಲೇಪನ ಕಿತ್ತುಬರುತ್ತದೆ, ಬ್ಯಾಟರಿಯಲ್ಲಿ ಚಾರ್ಜ್ ಇದ್ದರೆ ಶಾರ್ಟ್ ಆಗುವ ಅಪಾಯವೂ ಇದೆ. ಬಾಯಿಂದ ಊದಬೇಡಿ, ಎಂಜಲಿನ ತೇವ ಒಳಗೆ ಹೋಗುತ್ತದೆ.

ಧೂಳು ಹೋದ ಮೇಲೂ ಪಿನ್‌ಗಳ ಮೇಲೆ ಹಸಿರು ಅಥವಾ ಕಪ್ಪು ಕಲೆ ಕಂಡರೆ, 99% ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಕೊಡವಿದ ಮೃದು ಬ್ರಷ್‌ನಿಂದ ಉಜ್ಜಿ, ಅರ್ಧ ಗಂಟೆ ಒಣಗಲು ಬಿಡಿ. ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಗಳಲ್ಲಿ ಐಪಿಎ ಎಂದರೆ ಕೊಡುತ್ತಾರೆ. ಹ್ಯಾಂಡ್ ಸ್ಯಾನಿಟೈಸರ್ ಅದಕ್ಕೆ ಬದಲಿಯಲ್ಲ, ಅದರಲ್ಲಿ ನೀರೂ ಅಂಟೂ ಇರುತ್ತವೆ.

ಮಳೆಯಲ್ಲಿ ನೆಂದಿದ್ದರೆ

ಸಂಜೆ ಮಳೆಯಲ್ಲಿ ಸ್ಕೂಟರ್ ಓಡಿಸಿ ಬಂದು ಚಾರ್ಜ್‌ಗೆ ಹಾಕಿದಾಗ ನೀರಿನ ಹನಿಯ ಚಿಹ್ನೆ ಬಂದರೆ ಫೋನ್ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತಿದೆ. ಒದ್ದೆ ಪಿನ್‌ಗಳ ಮೇಲೆ ವೋಲ್ಟೇಜ್ ಬಿದ್ದರೆ ಗಂಟೆಗಳಲ್ಲೇ ತುಕ್ಕು ಹಿಡಿಯುತ್ತದೆ. ಪೋರ್ಟ್ ಕೆಳಮುಖ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ, ಫ್ಯಾನ್ ಗಾಳಿಗೆ ಇಡಿ. ಕನಿಷ್ಠ ಅರ್ಧ ಗಂಟೆ ಬೇಕು, ಕೆಲವೊಮ್ಮೆ ಇಡೀ ದಿನ. ಅಕ್ಕಿ ಡಬ್ಬದಲ್ಲಿ ಹೂತಿಡುವುದರಿಂದ ಪ್ರಯೋಜನವಿಲ್ಲ. ಅಕ್ಕಿಯ ಹುಡಿ ಪೋರ್ಟ್ ಸೇರಿ ಇನ್ನೊಂದು ಕೆಲಸ ಹೆಚ್ಚುತ್ತದೆ. ಹೇರ್ ಡ್ರೈಯರ್ ಬಿಸಿಗೆ ಸೀಲ್‌ನ ಅಂಟು ಸಡಿಲವಾಗುತ್ತದೆ. ತುರ್ತಿದ್ದರೆ, ಸೌಲಭ್ಯವಿರುವ ಫೋನನ್ನು ಹಿಂಬದಿ ಒರೆಸಿ ವೈರ್‌ಲೆಸ್ ಚಾರ್ಜರ್ ಮೇಲಿಡಿ.

ಪೂರ್ತಿ ಒಣಗಿದರೂ ಚಿಹ್ನೆ ಹೋಗದಿದ್ದರೆ ಪಿನ್‌ಗಳ ನಡುವೆ ಉಪ್ಪಿನ ಪದರ ಉಳಿದಿದೆ ಎಂದು ತಿಳಿಯಿರಿ, ಮೇಲೆ ಹೇಳಿದ ಐಪಿಎ ಉಪಚಾರ ಮಾಡಿ.

ಬಿಸಿ

ಬ್ಯಾಟರಿಯ ಉಷ್ಣಾಂಶ 45 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಂತೆ ಫೋನ್ ಚಾರ್ಜಿಂಗ್ ನಿಧಾನ ಮಾಡುತ್ತದೆ, ಮಿತಿ ದಾಟಿದರೆ ನಿಲ್ಲಿಸುತ್ತದೆ. ತಂಪು ಊರು ಎಂಬ ಹೆಸರಿದ್ದರೂ ಬೆಂಗಳೂರಿನ ಉಷ್ಣಾಂಶ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿತ್ತು. ಅದು ನೆರಳಿನಲ್ಲಿ ಅಳೆದ ಲೆಕ್ಕ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಬಿಸಿಲಿಗೆ ಮುಖಮಾಡಿ, ದಪ್ಪ ಕವರ್ ತೊಟ್ಟು, ಮ್ಯಾಪ್ ಓಡಿಸುತ್ತಾ, ಹ್ಯಾಂಡಲ್ ಮೇಲೆ ಚಾರ್ಜ್ ಆಗುತ್ತಿರುವ ಫೋನ್ 45 ದಾಟುವುದು ಕಷ್ಟವೇನಲ್ಲ. ಡೆಲಿವರಿ ಮಾಡುವವರ ಫೋನ್ ಮಧ್ಯಾಹ್ನ ಚಾರ್ಜ್ ಆಗದೆ ಸಂಜೆ ಆಗುವುದಕ್ಕೆ ಬಹಳ ಸಲ ಇದೇ ಕಾರಣ. ಕವರ್ ತೆಗೆದು, ನೆರಳಿನಲ್ಲಿ ಹತ್ತು ನಿಮಿಷ ಇಟ್ಟು ಮತ್ತೆ ಹಾಕಿ ನೋಡಿ. ಫ್ರಿಜ್‌ನಲ್ಲಿ ಇಡಬೇಡಿ, ಒಳಗೆ ತೇವ ಕಟ್ಟುತ್ತದೆ.

ಪೂರ್ತಿ ಸತ್ತಂತಿದ್ದರೆ

ವಾರಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದ ಫೋನ್ ಚಾರ್ಜ್‌ಗೆ ಹಾಕಿದ ಕೂಡಲೇ ಏನೂ ತೋರಿಸದಿರಬಹುದು. ಬ್ಯಾಟರಿ ವೋಲ್ಟೇಜ್ ಬಹಳ ಇಳಿದಿದ್ದರೆ ಚಾರ್ಜಿಂಗ್ ಐಸಿ ಮೊದಲು ಹನಿಹನಿಯಾಗಿ ಕರೆಂಟ್ ಕೊಟ್ಟು ಎಬ್ಬಿಸಬೇಕು. ಸಾಧಾರಣ ಅಡಾಪ್ಟರ್‌ಗೆ ಹಾಕಿ ಒಂದು ಗಂಟೆ ಮುಟ್ಟದೆ ಬಿಡಿ. ಬಳಿಕ ಚಾರ್ಜರ್ ಇದ್ದಂತೆಯೇ ಪವರ್ ಮತ್ತು ವಾಲ್ಯೂಮ್ ಡೌನ್ ಬಟನ್‌ಗಳನ್ನು 15ರಿಂದ 20 ಸೆಕೆಂಡ್ ಒತ್ತಿಹಿಡಿಯಿರಿ. ಬಟನ್ ಜೋಡಿ ಮಾದರಿಯಿಂದ ಮಾದರಿಗೆ ಬದಲಾಗುತ್ತದೆ. ಸ್ಕ್ರೀನ್ ಕಪ್ಪಗಿದ್ದು ಕಂಪನವೋ ರಿಂಗ್ ಸದ್ದೋ ಬಂದರೆ ಕೆಟ್ಟಿರುವುದು ಡಿಸ್ಪ್ಲೇ, ಚಾರ್ಜಿಂಗ್ ಅಲ್ಲ.

ಆನ್ ಇದ್ದಾಗ ಚಾರ್ಜ್ ಏರದೆ, ಸ್ವಿಚ್ ಆಫ್ ಮಾಡಿಟ್ಟರೆ ಚೆನ್ನಾಗಿ ಏರಿದರೆ ಯಾವುದೋ ಆ್ಯಪ್ ತಿನ್ನುತ್ತಿದೆ. ನೀವು ಹಾಕಿಕೊಂಡ ಆ್ಯಪ್‌ಗಳು ಓಡದ ಸೇಫ್ ಮೋಡ್‌ನಲ್ಲಿ ಹಾಕಿ ಹೋಲಿಸಿ.

ಮೀಟರ್ ಇಟ್ಟು ನೋಡುವುದು

ಮನೆಯಲ್ಲಿ ನಾಲ್ಕೈದು ಫೋನ್ ಇದ್ದರೆ ಒಂದು ಯುಎಸ್‌ಬಿ ಟೆಸ್ಟರ್ ಕೊಳ್ಳುವುದು ಲೇಸು. ಅಡಾಪ್ಟರ್‌ಗೂ ಕೇಬಲ್‌ಗೂ ನಡುವೆ ಸಿಕ್ಕಿಸಿದರೆ ವೋಲ್ಟ್, ಆಂಪಿಯರ್ ಎರಡೂ ತೋರಿಸುತ್ತದೆ. ವೇಗದ ಚಾರ್ಜಿಂಗ್ ಇರುವ ಫೋನ್ 9 ವೋಲ್ಟ್ ಆಸುಪಾಸು ತೋರಿಸಿದರೆ ಮಾತುಕತೆ ಸರಿಯಾಗಿ ನಡೆದಿದೆ. 5 ವೋಲ್ಟ್‌ನಲ್ಲಿ 0.45 ಆಂಪಿಯರ್‌ಗೆ ನಿಂತರೆ ಡೇಟಾ ತಂತಿ ಅಥವಾ ಪೋರ್ಟ್‌ನ ಡೇಟಾ ಪಿನ್ ನೋಡಿ. ಆಂಪಿಯರ್ ಏರುತ್ತಾ ಇಳಿಯುತ್ತಾ ಕುಣಿದರೆ ಸಡಿಲ ಸಂಪರ್ಕ. ಎರಡು ಒಳ್ಳೆಯ ಕೇಬಲ್, ಸ್ವಚ್ಛ ಪೋರ್ಟ್ ಇದ್ದೂ 0.00 ಎಂದರೆ ದೋಷ ಫೋನಿನೊಳಗಿದೆ. ‘ಆಂಪಿಯರ್’ ಹೆಸರಿನ ಆ್ಯಪ್‌ನಂಥವು ತೋರಿಸುವುದು ಬ್ಯಾಟರಿಗೆ ನಿವ್ವಳವಾಗಿ ಸೇರುವ ಕರೆಂಟನ್ನು. ಟೆಸ್ಟರ್ ಅಂಕಿಗೂ ಅದಕ್ಕೂ ತಾಳೆಯಾಗುವುದಿಲ್ಲ, ಆಗಬೇಕಾಗಿಯೂ ಇಲ್ಲ.

ಈಗ ಬ್ಯಾಟರಿ

ಬ್ಯಾಟರಿ ಹಳತಾದರೆ ಚಾರ್ಜ್ ನಿಧಾನವಾಗುವುದಕ್ಕಿಂತ ಬೇಗ ಏರಿ ಬೇಗ ಇಳಿಯುವುದೇ ಹೆಚ್ಚು. 40%ನಿಂದ ಒಮ್ಮೆಲೇ 8ಕ್ಕೆ ಜಾರುವುದು, ಕ್ಯಾಮೆರಾ ತೆರೆದ ಕೂಡಲೇ ಆಫ್ ಆಗುವುದು, ಚಾರ್ಜ್‌ಗೆ ಹಾಕಿದ ಕೂಡಲೇ 20% ಜಿಗಿಯುವುದು ಇದರ ಗುರುತು. ಐಫೋನ್‌ನಲ್ಲಿ ಬ್ಯಾಟರಿ ಹೆಲ್ತ್ 80%ಗಿಂತ ಕೆಳಗಿದ್ದರೆ ಬದಲಿಸುವ ಕಾಲ. ಸ್ಯಾಮ್‌ಸಂಗ್‌ನಲ್ಲಿ ಮೆಂಬರ್ಸ್ ಆ್ಯಪ್‌ನ ಪರೀಕ್ಷೆ ಓಡಿಸಿ.

ಹಿಂಬದಿ ಉಬ್ಬಿದ್ದರೆ, ಸ್ಕ್ರೀನ್ ಅಂಚಿನಲ್ಲಿ ಎದ್ದಿದ್ದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ. ಚಾರ್ಜ್‌ಗೆ ಹಾಕಬೇಡಿ, ಒತ್ತಿ ಕೂರಿಸಬೇಡಿ, ಹಾಸಿಗೆ ಮೇಲೆ ಇಡಬೇಡಿ.

ಅಂಗಡಿಗೆ ಕೊಡುವಾಗ

ವಾರಂಟಿ ಇದ್ದರೆ ಅಧಿಕೃತ ಸರ್ವಿಸ್ ಸೆಂಟರ್‌ಗೇ ಹೋಗಿ. ಹೊರಗೆ ಒಮ್ಮೆ ಬಿಚ್ಚಿಸಿದರೆ ವಾರಂಟಿ ಕೇಳುವುದು ಕಷ್ಟ. ನೀರಿನಿಂದ ಆದ ಹಾನಿಗೆ, ಐಪಿ68 (ನೀರು, ಧೂಳು ತಡೆಯುವ ಮಟ್ಟದ ಗುರುತು) ಎಂದು ಬರೆದಿದ್ದರೂ, ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ.

ಹೊರಗೆ ಮಾಡಿಸುವುದಾದರೆ ಏನು ಬದಲಿಸುತ್ತಾರೆ ಎಂದು ಹೆಸರು ಹಿಡಿದು ಕೇಳಿ. ಬಹಳಷ್ಟು ಆ್ಯಂಡ್ರಾಯ್ಡ್ ಫೋನುಗಳಲ್ಲಿ ಚಾರ್ಜಿಂಗ್ ಪೋರ್ಟ್ ಇರುವುದು ಕೆಳಭಾಗದ ಸಣ್ಣ ಸಬ್ ಬೋರ್ಡ್ ಮೇಲೆ, ಮೈಕ್ ಜೊತೆಗೆ. ಕರೆಯಲ್ಲಿ ನಿಮ್ಮ ಧ್ವನಿ ಆ ಕಡೆಯವರಿಗೆ ಕೇಳಿಸದೆ, ಚಾರ್ಜ್ ಕೂಡ ಆಗದಿದ್ದರೆ ಅದೇ ಬೋರ್ಡ್ ಅಥವಾ ಅದನ್ನು ಮದರ್‌ಬೋರ್ಡ್‌ಗೆ ಜೋಡಿಸುವ ರಿಬ್ಬನ್ ಕೆಟ್ಟಿದೆ. ಬೋರ್ಡ್ ಬದಲಿಸುವುದು ಸ್ಕ್ರೂ ಬಿಚ್ಚಿ ಹಾಕುವ ಕೆಲಸ. ಪೋರ್ಟ್ ನೇರ ಮದರ್‌ಬೋರ್ಡ್ ಮೇಲಿದ್ದರೆ ಬೆಸುಗೆ ಬೇಕು, ಕೈ ಪಳಗಿದವರೇ ಮಾಡಬೇಕು. ವೈರ್‌ಲೆಸ್‌ನಲ್ಲಿ ಚೆನ್ನಾಗಿ ಚಾರ್ಜ್ ಆಗುವ ಫೋನಿಗೆ ‘ಬ್ಯಾಟರಿ ಹೋಗಿದೆ’ ಎಂದರೆ ನಂಬಬೇಡಿ. ಆ ಪರೀಕ್ಷೆ ಬ್ಯಾಟರಿಯನ್ನು ಬಿಟ್ಟು ಪೋರ್ಟ್ ಕಡೆಗೆ ಬೆರಳು ತೋರಿಸುತ್ತದೆ.

ದುಡ್ಡು ಕೊಡುವ ಮುನ್ನ ಅಲ್ಲೇ ನಿಂತು ನೋಡಿ: ಪ್ಲಗ್ ಎರಡೂ ಮಗ್ಗುಲಲ್ಲಿ ಹಾಕಿ ವೇಗದ ಚಾರ್ಜಿಂಗ್ ಬರಬೇಕು, ಒಂದು ಕರೆ ಮಾಡಿ ಮೈಕ್, ಸ್ಪೀಕರ್ ಪರೀಕ್ಷಿಸಬೇಕು, ನೆಟ್‌ವರ್ಕ್ ಕಡ್ಡಿಗಳು ಮೊದಲಿನಷ್ಟೇ ಇರಬೇಕು. ಸಬ್ ಬೋರ್ಡ್‌ಗೆ ಬರುವ ತೆಳುವಾದ ಆ್ಯಂಟೆನಾ ವೈರ್ ಅನ್ನು ಮತ್ತೆ ಒತ್ತಿ ಕೂರಿಸಲು ಮರೆತಿದ್ದರೆ ಚಾರ್ಜಿಂಗ್ ಸರಿಹೋದರೂ ಸಿಗ್ನಲ್ ಬಿದ್ದುಹೋಗಿರುತ್ತದೆ. ಬಿಚ್ಚಿದ ಫೋನಿನ ನೀರುತಡೆ ಸೀಲ್ ಹೊಸದಾಗಿ ಹಾಕಿದ್ದಾರೆಯೇ ಎಂದೂ ಕೇಳಿ. ಹಾಕಿಲ್ಲವಾದರೆ ಅದನ್ನಿನ್ನು ಮಳೆಗೆ ಒಡ್ಡಬೇಡಿ. ಬದಲಿಸಿದ ಹಳೆಯ ಬ್ಯಾಟರಿಯನ್ನು ಮನೆಗೆ ತಂದರೆ ಹಸಿ ಕಸ, ಒಣ ಕಸ ಎರಡಕ್ಕೂ ಹಾಕಬೇಡಿ. ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.